ಮದ್ದೂರಿನಲ್ಲಿ 1865ರಲ್ಲಿ ಬಿದ್ದ ಉಲ್ಕೆ 'ಎಲ್5' ಅಂತೆ. ಆ ಅಕ್ಷರ, ಆ ಅಂಕಿ ಏನು ಹೇಳುತ್ತವೆ?

ಮದ್ದೂರಿನವಳು

ಎಲ್ಲರಿಗೂ ನಮಸ್ಕಾರ. ನಮ್ಮೂರು ಮದ್ದೂರು, ಈಗ ಇರುವುದು ವಿಜಯನಗರದಲ್ಲಿ. ಮಗಳು ಒಂಬತ್ತನೇ ಕ್ಲಾಸ್. ಶಾಲೆಯ ಪ್ರಾಜೆಕ್ಟಿಗೆ ಅಂತ ಭಾರತದಲ್ಲಿ ಬಿದ್ದ ಉಲ್ಕೆಗಳ ಪಟ್ಟಿ ನೋಡುತ್ತಿದ್ದಳು. ಅದರಲ್ಲಿ 'ಮುದ್ದೂರ್' ಅಂತ ಒಂದು ಹೆಸರು. 1865ರ ಸೆಪ್ಟೆಂಬರ್ 21. ಅಲ್ಲಿ ಕೊಟ್ಟಿದ್ದ ಅಕ್ಷಾಂಶ, ರೇಖಾಂಶವನ್ನು ನಕ್ಷೆಯಲ್ಲಿ ಹಾಕಿ ನೋಡಿದರೆ ನಮ್ಮ ಮದ್ದೂರೇ! ನಮ್ಮ ಮನೆಯ ಹಿರಿಯರು ಯಾರೂ ಈ ಸಂಗತಿ ಹೇಳಿದ್ದು ನಾನು ಕೇಳಿಲ್ಲ.

ಹೆಸರಿನ ಪಕ್ಕ 'ಎಲ್5' ಅಂತ ಇದೆ. ಬೇರೆಯವುಗಳ ಪಕ್ಕ ಎಚ್5, ಎಲ್‌ಎಲ್6, ಸಿಎಂ2, ಯೂಕ್ರೈಟ್ ಅಂತೆಲ್ಲ ಬರೆದಿದ್ದಾರೆ. ಅಕ್ಷರ ಏನು, ಅಂಕಿ ಏನು? ಎಲ್ಲವೂ ಕಲ್ಲೇ ಅಂದ ಮೇಲೆ ಇಷ್ಟೊಂದು ಗುಂಪು ಯಾಕೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಮಗಳಿಗೆ ಹೇಳುವ ಮೊದಲು ನನಗೆ ಅರ್ಥ ಆಗಬೇಕು.

ಶಿಲಾಸಕ್ತ

ಮೇಡಂ, ನಾನು ಓದಿದ್ದು ಭೂವಿಜ್ಞಾನ. ಹೊಟ್ಟೆಪಾಡಿನ ಕೆಲಸ ಬೇರೆ, ಆದರೆ ಈ ವಿಷಯವನ್ನು ಬಿಟ್ಟಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಮೊದಲು ಒಂದು ಮಾತು. ಅಕ್ಷರ ಹೇಳುವುದು ಕಲ್ಲು ಯಾವ ಮೂಲದ್ದು ಅಂತ. ಅಂಕಿ ಹೇಳುವುದು ಅಲ್ಲಿದ್ದಾಗ ಅದಕ್ಕೆ ಏನಾಯಿತು ಅಂತ. ಇವೆರಡನ್ನೂ ಬೇರೆ ಬೇರೆಯಾಗಿ ಓದಿದರೆ ಪಟ್ಟಿ ಪೂರ್ತಿ ತಿಳಿಯಾಗುತ್ತದೆ.

ಬೀಳುವುದನ್ನು ಜನ ಕಂಡು ಎತ್ತಿಕೊಂಡ ಉಲ್ಕೆಗಳಲ್ಲಿ ನೂರಕ್ಕೆ ಸುಮಾರು 94 ಕಲ್ಲಿನವು. ಸುಮಾರು 5 ಕಬ್ಬಿಣದವು. ಉಳಿದ ಒಂದು ಎರಡೂ ಬೆರೆತದ್ದು. ಕಲ್ಲಿನ ಆ 94ರಲ್ಲಿ 86ರಷ್ಟು ಕಾಂಡ್ರೈಟ್‌ಗಳು, 8ರಷ್ಟು ಅಕಾಂಡ್ರೈಟ್‌ಗಳು. ವ್ಯತ್ಯಾಸ ಇಷ್ಟೇ: ಕಾಂಡ್ರೈಟ್ ಹುಟ್ಟಿದ ಮೇಲೆ ಯಾವತ್ತೂ ಪೂರ್ತಿ ಕರಗಿಲ್ಲ. ಅಕಾಂಡ್ರೈಟ್ ಕರಗಿ, ಮತ್ತೆ ಗಟ್ಟಿಯಾದದ್ದು.

ಕಾಂಡ್ರೈಟನ್ನು ಕತ್ತರಿಸಿ ಪಾಲಿಶ್ ಮಾಡಿದರೆ ಒಳಗೆ ರಾಗಿ ಕಾಳಿನಷ್ಟು, ಹಲವು ಸಲ ಅದಕ್ಕಿಂತಲೂ ಸಣ್ಣ ಗುಂಡುಗಳು ಕಾಣುತ್ತವೆ. ಅವೇ ಕಾಂಡ್ರೂಲ್. ಹೆಚ್ಚಾಗಿ ಆಲಿವಿನ್, ಪೈರಾಕ್ಸಿನ್ ಅನ್ನುವ ಖನಿಜಗಳಿಂದ ಆದವು. ಭೂಮಿಯ ಯಾವ ಬಂಡೆಯಲ್ಲೂ ಇವು ಸಿಗುವುದಿಲ್ಲ. ಸೂರ್ಯನ ಸುತ್ತ ಗ್ರಹಗಳೇ ಇಲ್ಲದ ಕಾಲದಲ್ಲಿ ಬರೀ ಅನಿಲ, ದೂಳಿನ ತಟ್ಟೆ ಇತ್ತು. ಆ ದೂಳಿನ ಉಂಡೆಗಳು ಸುಮಾರು 1500 ಡಿಗ್ರಿಗೂ ಮೀರಿ ಕಾದು, ಕರಗಿ, ಗಂಟೆಗಳಲ್ಲೋ ದಿನಗಳಲ್ಲೋ ತಣಿದು ಗುಂಡಾದವು. ಕಾಯಿಸಿದ್ದು ಏನು ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಜಗಳ ಇದೆ. ಆಘಾತದ ಅಲೆ ಅನ್ನುವವರಿದ್ದಾರೆ, ಕಾಯಗಳ ಡಿಕ್ಕಿ ಅನ್ನುವವರಿದ್ದಾರೆ.

ಈ ಗುಂಡುಗಳನ್ನು ಗಮನಿಸಿ ಬರೆದದ್ದರಲ್ಲಿ ನಮ್ಮ ದೇಶದ ಕಲ್ಲಿಗೂ ಪಾಲಿದೆ. 1798ರ ಡಿಸೆಂಬರಿನಲ್ಲಿ ಕಾಶಿಯ ಹತ್ತಿರ ಉಲ್ಕೆಗಳು ಬಿದ್ದವು. ಅವುಗಳ ತುಣುಕು ಲಂಡನ್ನಿಗೆ ಹೋಯಿತು. ಎಡ್ವರ್ಡ್ ಹೋವರ್ಡ್ ಅನ್ನುವ ರಸಾಯನಶಾಸ್ತ್ರಜ್ಞ ಅದನ್ನೂ ಬೇರೆ ಕಡೆಯ ಉಲ್ಕೆಗಳನ್ನೂ ಪರೀಕ್ಷೆ ಮಾಡಿ 1802ರಲ್ಲಿ ಪ್ರಕಟಿಸಿದ. ಅವನ ಜೊತೆ ಕೆಲಸ ಮಾಡಿದ ದ ಬುರ್ನೋ ಕಲ್ಲಿನೊಳಗಿನ ಗುಂಡುಗಳನ್ನು ಬಿಡಿಸಿ ವಿವರಿಸಿದ. ದೂರ ದೂರದ ದೇಶಗಳಲ್ಲಿ ಬಿದ್ದ ಕಲ್ಲುಗಳ ಒಳಗಿನ ಕಬ್ಬಿಣದಲ್ಲಿ ನಿಕ್ಕಲ್ ಇತ್ತು. ಕಲ್ಲು ಆಕಾಶದಿಂದ ಬೀಳುತ್ತದೆ ಅನ್ನುವುದನ್ನು ಯುರೋಪಿನ ಪಂಡಿತರು ಒಪ್ಪುವುದಕ್ಕೆ ಇದೂ ಒಂದು ದೊಡ್ಡ ಕಾರಣವಾಯಿತು.

ಅಕ್ಷರಗಳ ಬಗ್ಗೆ ರಾತ್ರಿ ಬರೆಯುತ್ತೇನೆ.

ಸಂಜೆ_ಮಲ್ಲೇಶ್ವರ

ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಅಲ್ಲೇ ಬೋರ್ಡ್ ಇದೆ. ಮದ್ದೂರಿನ ಕಲ್ಲು ಅದಕ್ಕಿಂತ ಹಳೆಯದಾ?

ಶಿಲಾಸಕ್ತ

ಹೌದು, ತುಂಬಾ. ಕಾಂಡ್ರೈಟ್‌ಗಳ ವಯಸ್ಸು ಸುಮಾರು 450 ಕೋಟಿ ವರ್ಷದ ಆಚೀಚೆ ಬರುತ್ತದೆ. ಅವುಗಳಲ್ಲಿ ಸಿಗುವ ಕ್ಯಾಲ್ಸಿಯಂ–ಅಲ್ಯೂಮಿನಿಯಂ ಜಾಸ್ತಿ ಇರುವ ಬಿಳಿ ಚುಕ್ಕೆಗಳಿಗೆ 456.7 ಕೋಟಿ ವರ್ಷ. ಸೌರಮಂಡಲದ ವಯಸ್ಸು ಅಂತ ಪಠ್ಯಪುಸ್ತಕದಲ್ಲಿ ಓದುವ ಸಂಖ್ಯೆ ಬಂದಿರುವುದೇ ಇವುಗಳಿಂದ. 1969ರ ಫೆಬ್ರವರಿಯಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಉಲ್ಕೆಯಲ್ಲಿ ಈ ಬಿಳಿ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ.

ಈಗ ಅಕ್ಷರ. ಎಚ್, ಎಲ್, ಎಲ್‌ಎಲ್ ಮೂರನ್ನೂ ಸೇರಿಸಿ ಸಾಮಾನ್ಯ ಕಾಂಡ್ರೈಟ್ ಅನ್ನುತ್ತಾರೆ. ವಿಂಗಡಿಸುವುದು ಕಬ್ಬಿಣದ ಲೆಕ್ಕದಲ್ಲಿ: ಎಚ್ ಅಂದರೆ ಹೈ (ಜಾಸ್ತಿ), ಎಲ್ ಅಂದರೆ ಲೋ (ಕಡಿಮೆ), ಎಲ್‌ಎಲ್ ಅಂದರೆ ಇನ್ನೂ ಕಡಿಮೆ. ಎಚ್‌ನಲ್ಲಿ ಒಟ್ಟು ಕಬ್ಬಿಣ ತೂಕದಲ್ಲಿ ಶೇ 27ರ ಹತ್ತಿರ. ಎಲ್‌ನಲ್ಲಿ 22ರ ಹತ್ತಿರ. ಎಲ್‌ಎಲ್‌ನಲ್ಲಿ 19–20. ಅದಕ್ಕಿಂತ ಎದ್ದು ಕಾಣುವುದು ಲೋಹದ ರೂಪದಲ್ಲೇ ಉಳಿದ ಕಬ್ಬಿಣ. ಎಚ್‌ನಲ್ಲಿ ಅದು 15ರಿಂದ 20 ಶೇಕಡ, ಎಲ್‌ನಲ್ಲಿ 4ರಿಂದ 10, ಎಲ್‌ಎಲ್‌ನಲ್ಲಿ 3ಕ್ಕೂ ಕಡಿಮೆ. ಕತ್ತರಿಸಿದ ಮುಖ ನೋಡಿದರೆ ಎಚ್ ಕಲ್ಲಿನ ತುಂಬ ಲೋಹದ ಚುಕ್ಕೆ ಹೊಳೆಯುತ್ತವೆ. ಎಲ್‌ಎಲ್‌ನಲ್ಲಿ ಹುಡುಕಬೇಕು.

ಮುಖ್ಯವಾದದ್ದು ಇಲ್ಲಿದೆ. ಇವು ಒಂದರಿಂದ ಒಂದಕ್ಕೆ ನಿಧಾನವಾಗಿ ಜಾರುವ ಗುಂಪುಗಳಲ್ಲ. ನಡುವೆ ಹೆಚ್ಚುಕಡಿಮೆ ಖಾಲಿ ಜಾಗ ಇದೆ. ಆಮ್ಲಜನಕದ ಐಸೊಟೋಪು, ಅಂದರೆ ಅದೇ ಧಾತುವಿನ ತೂಕ ಬೇರೆಯಾದ ಪರಮಾಣುಗಳ ಪಾಲು, ಅಳೆದರೂ ಮೂರೂ ಬೇರೆ ಬೇರೆ ಕಡೆ ಕೂರುತ್ತವೆ. ಹಾಗಾಗಿ ಇವು ಕಡಿಮೆ ಅಂದರೂ ಮೂರು ಬೇರೆ ಕ್ಷುದ್ರಗ್ರಹಗಳ ಚೂರುಗಳು ಅಂತ ಲೆಕ್ಕ.

ರಸಾಯನ_ಮೇಷ್ಟ್ರು

ಇಲ್ಲಿ ನಾನು ಒಂದು ಸೇರಿಸಬೇಕು. ಕಬ್ಬಿಣ ಎಷ್ಟಿದೆ ಅನ್ನುವುದು ಅರ್ಧ ಕಥೆ. ಅದು ಯಾವ ರೂಪದಲ್ಲಿದೆ ಅನ್ನುವುದು ಉಳಿದರ್ಧ. ಆಮ್ಲಜನಕ ಜಾಸ್ತಿ ಸಿಕ್ಕಿದರೆ ಕಬ್ಬಿಣ ಲೋಹವಾಗಿ ಉಳಿಯುವುದಿಲ್ಲ, ಸಿಲಿಕೇಟ್ ಖನಿಜದೊಳಗೆ ಸೇರಿಕೊಳ್ಳುತ್ತದೆ. ನಿಕ್ಕಲ್ ಅಷ್ಟು ಸುಲಭವಾಗಿ ಆಕ್ಸೈಡ್ ಆಗುವುದಿಲ್ಲ. ಆದ್ದರಿಂದ ಲೋಹ ಕಡಿಮೆ ಆದಷ್ಟೂ ಆ ಉಳಿದ ಲೋಹದಲ್ಲಿ ನಿಕ್ಕಲ್ ಪಾಲು ಜಾಸ್ತಿ. ಪ್ರಯರ್ ಅನ್ನುವ ಬ್ರಿಟಿಷ್ ಖನಿಜಶಾಸ್ತ್ರಜ್ಞ ನೂರು ವರ್ಷದ ಹಿಂದೆಯೇ ಈ ನಿಯಮ ಹೇಳಿದ. ಎಚ್‌ನಿಂದ ಎಲ್‌ಎಲ್ ಕಡೆಗೆ ಹೋದ ಹಾಗೆ ಆಲಿವಿನ್‌ನಲ್ಲಿ ಕಬ್ಬಿಣ ಏರುತ್ತಾ ಹೋಗುತ್ತದೆ. ಇವತ್ತಿಗೂ ಲ್ಯಾಬಿನಲ್ಲಿ ಒಂದು ಕಲ್ಲು ಎಚ್ಚೋ ಎಲ್ಲೋ ಅಂತ ತೀರ್ಮಾನ ಮಾಡುವುದು ಮುಖ್ಯವಾಗಿ ಆಲಿವಿನ್ ಅಳತೆಯಿಂದ.

ಎರಡು ತುದಿಗಳನ್ನೂ ನೋಡಿ. ಒಂದು ತುದಿಯಲ್ಲಿ ಎನ್‌ಸ್ಟಟೈಟ್ ಅನ್ನುವ ಖನಿಜ ಹೆಚ್ಚಿರುವ ಎನ್‌ಸ್ಟಟೈಟ್ ಕಾಂಡ್ರೈಟ್‌ಗಳು, ಇಎಚ್ ಮತ್ತು ಇಎಲ್. ಅಲ್ಲಿ ಆಮ್ಲಜನಕಕ್ಕೆ ಎಂಥ ಬರ ಅಂದರೆ ಕ್ಯಾಲ್ಸಿಯಂ ಕೂಡ ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿದೆ. ಆ ಖನಿಜದ ಹೆಸರು ಓಲ್ಡ್‌ಹಮೈಟ್. ಅದನ್ನು ಮೊದಲು ಗುರುತಿಸಿದ್ದು 1852ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಬಿದ್ದ ಉಲ್ಕೆಯಲ್ಲಿ. ಹೆಸರು ಬಂದದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ಜಿಎಸ್‌ಐಯನ್ನು ಆರಂಭದಲ್ಲಿ ಕಟ್ಟಿದ ಥಾಮಸ್ ಓಲ್ಡ್‌ಹಮ್ ಅವರಿಂದ. ಇನ್ನೊಂದು ತುದಿಯಲ್ಲಿ ಇಂಗಾಲದ ಕಾಂಡ್ರೈಟ್‌ಗಳು. ಅದರಲ್ಲೂ ಸಿಐ ಗುಂಪಿನಲ್ಲಿ ಲೋಹವೇ ಇಲ್ಲ ಅನ್ನಬಹುದು.

ಕ್ಲಾಸಿನಲ್ಲಿ ಆಕ್ಸಿಡೇಶನ್, ರಿಡಕ್ಷನ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಕಡಲತಡಿ

ನಮ್ಮ ಉಡುಪಿ ಕಡೆಯದ್ದೂ ಒಂದು ಉಂಟಲ್ಲ? ಪಟ್ಟಿಯಲ್ಲಿ 'ಉಡಿಪಿ' ಅಂತ ನೋಡಿದ ನೆನಪು.

ಶಿಲಾಸಕ್ತ

ಉಂಟು ಸರ್! 1866ರ ಏಪ್ರಿಲ್. ಅದು ಎಚ್5. ಮದ್ದೂರಿನದು ಎಲ್5. ಮದ್ದೂರಿನಲ್ಲಿ ಬಿದ್ದ ಏಳೇ ತಿಂಗಳಿಗೆ ಉಡುಪಿಯಲ್ಲಿ. ಅಂಕಿ ಒಂದೇ, ಅಕ್ಷರ ಬೇರೆ. ಮೇಡಂ, ನಿಮ್ಮ ಮಗಳ ಪ್ರಾಜೆಕ್ಟಿಗೆ ಈ ಎರಡು ಕಲ್ಲೇ ಸಾಕು. ಎರಡೂ ಬೇರೆ ಬೇರೆ ಕ್ಷುದ್ರಗ್ರಹದವು. ಆದರೆ ಎರಡೂ ತಮ್ಮ ತಮ್ಮ ಮನೆಯಲ್ಲಿ ಸುಮಾರು ಒಂದೇ ಮಟ್ಟದ ಶಾಖ ತಿಂದಿವೆ.

ಇನ್ನು ಅಂಕಿಯ ವಿಷಯ. 1967ರಲ್ಲಿ ವ್ಯಾನ್ ಶ್ಮಸ್ ಮತ್ತು ವುಡ್ ಅನ್ನುವ ಇಬ್ಬರು ಈ ಪದ್ಧತಿ ತಂದರು. 3 ಅಂದರೆ ಹೆಚ್ಚು ಬದಲಾಗದೆ ಉಳಿದದ್ದು. ಗುಂಡುಗಳ ಅಂಚು ಚೂಪಾಗಿ ಕಾಣುತ್ತದೆ. ಒಂದೊಂದು ಗುಂಡಿನ ಆಲಿವಿನ್‌ನಲ್ಲೂ ಕಬ್ಬಿಣದ ಪ್ರಮಾಣ ಬೇರೆ ಬೇರೆ ಇರುತ್ತದೆ. 4, 5, 6 ಅಂತ ಹೋದ ಹಾಗೆ ಕಲ್ಲು ಹೆಚ್ಚು ಕಾದಿದೆ. 5 ಅಂದರೆ ಸುಮಾರು 700 ಡಿಗ್ರಿ. 6ರಲ್ಲಿ 900 ದಾಟಿರಬಹುದು. ಕಾದಾಗ ಖನಿಜಗಳು ಕರಗದೆಯೇ ಮತ್ತೆ ಹರಳು ಕಟ್ಟುತ್ತವೆ. ಗುಂಡಿನ ಅಂಚು ಮಸುಕಾಗುತ್ತದೆ. ಎಲ್ಲ ಆಲಿವಿನ್‌ನಲ್ಲೂ ಕಬ್ಬಿಣ ಒಂದೇ ಸಮ ಆಗುತ್ತದೆ. 6ನೇ ನಮೂನೆಯಲ್ಲಿ ಗುಂಡು ಹುಡುಕುವುದೇ ಕಷ್ಟ.

2 ಮತ್ತು 1 ಬೇರೆ ದಾರಿ. ಅಲ್ಲಿ ಕೆಲಸ ಮಾಡಿದ್ದು ಶಾಖ ಅಲ್ಲ, ನೀರು. ಕ್ಷುದ್ರಗ್ರಹದ ಒಳಗಿನ ಮಂಜುಗಡ್ಡೆ ಕರಗಿ, ಖನಿಜಗಳನ್ನು ಜೇಡಿಮಣ್ಣಿನಂಥ ವಸ್ತುವಾಗಿ ಬದಲಿಸಿತು. 2ರಲ್ಲಿ ಬದಲಾವಣೆ ಒಂದು ಹಂತಕ್ಕೆ ಬಂದಿರುತ್ತದೆ. 1ರಲ್ಲಿ ಗುಂಡುಗಳೇ ಉಳಿದಿಲ್ಲ.

ತರ್ಕವಿರಲಿ

ಇದೆಂಥ ಅಂಕಿ ಪದ್ಧತಿ ಸರ್? ಶುರು 3ರಿಂದ. ಮೇಲೆ ಹೋದರೆ ಬೆಂಕಿ, ಕೆಳಗೆ ಹೋದರೆ ನೀರು. 1ನ್ನು ನೋಡಿದವರು ಅದೇ ಎಲ್ಲಕ್ಕಿಂತ ಶುದ್ಧ ಅಂದುಕೊಳ್ಳುವುದಿಲ್ಲವೇ? ಎರಡು ಬೇರೆ ಅಳತೆ ಇಟ್ಟು ಸರಿ ಮಾಡಬೇಕಿತ್ತು.

ಶಿಲಾಸಕ್ತ

ನಿಮ್ಮ ಮಾತು ಸರಿ. ಮೊದಲು ಹಾಗೇ ಅಂದುಕೊಂಡಿದ್ದರು. ಸಿಐ ಗುಂಪಿನ ರಾಸಾಯನಿಕ ಪ್ರಮಾಣ ಸೂರ್ಯನ ಜೊತೆ ಚೆನ್ನಾಗಿ ಹೊಂದುತ್ತದೆ. ಹೈಡ್ರೋಜನ್, ಹೀಲಿಯಂನಂಥ ಹಗುರ ಅನಿಲಗಳನ್ನು ಬಿಟ್ಟು ಉಳಿದ ಹೆಚ್ಚಿನ ಮೂಲವಸ್ತುಗಳು ಅದೇ ಅನುಪಾತದಲ್ಲಿ ಇವೆ. ಆ ಲೆಕ್ಕದಲ್ಲಿ 1 ಅತಿ ಮೂಲದ್ದು ಅನಿಸಿತು. ಆಮೇಲೆ ಖನಿಜಗಳನ್ನು ಹತ್ತಿರದಿಂದ ನೋಡಿದಾಗ ನೀರು ಎಲ್ಲವನ್ನೂ ಬದಲಿಸಿರುವುದು ಗೊತ್ತಾಯಿತು. ಧಾತುಗಳ ಪ್ರಮಾಣ ಹಾಗೇ ಇದೆ, ಖನಿಜದ ರೂಪ ಮಾತ್ರ ಹೊಸದು.

ಆದರೂ ನಾನು ಈ ಪದ್ಧತಿಯ ಪರ. ಯಾಕೆಂದರೆ 3ನ್ನು ನಡುವೆ ಇಟ್ಟಿರುವುದರಿಂದ ಆರಂಭದ ಸ್ಥಿತಿಯಿಂದ ಕಲ್ಲು ಎಷ್ಟು ದೂರ ಹೋಗಿದೆ, ಯಾವ ಕಡೆ ಹೋಗಿದೆ ಎರಡೂ ಒಂದೇ ಅಂಕಿಯಲ್ಲಿ ಸಿಗುತ್ತದೆ. 3ರೊಳಗೇ 3.0ಯಿಂದ 3.9 ತನಕ ಮತ್ತೆ ಸಣ್ಣ ಮೆಟ್ಟಿಲುಗಳಿವೆ. 1976ರ ಜನವರಿ 28ರಂದು ಗುಜರಾತಿನ ಧಜಾಲಾದಲ್ಲಿ ಬಿದ್ದದ್ದು ಎಚ್3.8. ಇನ್ನೊಂದು ಹೆಸರನ್ನು ದಯವಿಟ್ಟು ಎಲ್ಲರೂ ನೆನಪಿಟ್ಟುಕೊಳ್ಳಿ: ಸೆಮರ್ಕೋನಾ. 1940ರ ಅಕ್ಟೋಬರ್ 26, ಮಧ್ಯಪ್ರದೇಶ. ಎಲ್‌ಎಲ್3.00. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ ಅತಿ ಕಡಿಮೆ ಬದಲಾದದ್ದು ಇದೇ. ಒಂದು ಕೆಜಿ ಕೂಡ ಇಲ್ಲದ ಈ ಕಲ್ಲನ್ನು ಬಿಟ್ಟು ಕಾಂಡ್ರೂಲ್ ಬಗ್ಗೆ ಯಾರೂ ಮಾತಾಡುವ ಹಾಗಿಲ್ಲ. 2014ರಲ್ಲಿ ಇದರ ಗುಂಡುಗಳಲ್ಲಿ ಉಳಿದಿದ್ದ ಆಯಸ್ಕಾಂತದ ಗುರುತನ್ನು ಅಳೆದು, ಗ್ರಹಗಳು ಹುಟ್ಟುವ ಮುಂಚಿನ ಆ ಅನಿಲದ ತಟ್ಟೆಯಲ್ಲಿ ಸುಮಾರು 50 ಮೈಕ್ರೊಟೆಸ್ಲಾ ಕಾಂತಕ್ಷೇತ್ರ ಇತ್ತು ಅಂತ ಕಂಡುಕೊಂಡರು. ಈಗ ಬೆಂಗಳೂರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಕ್ಷೇತ್ರವೂ ಹೆಚ್ಚುಕಡಿಮೆ ಇದೇ ಮಟ್ಟದ್ದು.

ಮದ್ದೂರಿನವಳು

ತುಂಬಾ ಥ್ಯಾಂಕ್ಸ್. ಮಗಳ ಪ್ರಶ್ನೆ: 700 ಡಿಗ್ರಿ ಕಾಯಿಸಿದ್ದು ಯಾರು? ಸೂರ್ಯನಾ?

ಶಿಲಾಸಕ್ತ

ಅಲ್ಲ ಪುಟ್ಟಾ. ಅಷ್ಟು ದೂರದಲ್ಲಿ ಸೂರ್ಯನ ಬಿಸಿಗೆ ಆ ಶಕ್ತಿ ಇಲ್ಲ. ಕಾಯಿಸಿದ್ದು ಅಲ್ಯೂಮಿನಿಯಂ-26. ಇದು ವಿಕಿರಣ ಸೂಸುವ ಅಲ್ಯೂಮಿನಿಯಂ. ಅರ್ಧಾಯುಷ್ಯ ಸುಮಾರು 7 ಲಕ್ಷ ವರ್ಷ. ಸೌರಮಂಡಲ ಹುಟ್ಟಿದಾಗ ಇತ್ತು, ಸ್ವಲ್ಪ ಕಾಲದಲ್ಲೇ ಮುಗಿದುಹೋಯಿತು. ಆ ಹೊತ್ತಿಗೆ ಬೇಗ ಕಟ್ಟಿಕೊಂಡ ಕಾಯಗಳ ಒಳಗೆ ಇದು ಜಾಸ್ತಿ ಇತ್ತು, ಅವು ಪೂರ್ತಿ ಕರಗಿದವು. ಇಪ್ಪತ್ತು ಲಕ್ಷ ವರ್ಷ ತಡವಾಗಿ ಕಟ್ಟಿಕೊಂಡವು ಕರಗಲಿಲ್ಲ, ಬರೀ ಕಾದವು. ನಿಮ್ಮ ಮದ್ದೂರಿನ ಕಲ್ಲಿನ ಮೂಲ ಕಾಯ ಆ ಎರಡನೇ ಥರದ್ದು. ಒಳಗೆ ಹೋದಷ್ಟೂ ಬಿಸಿ ಜಾಸ್ತಿ, ಮೇಲ್ಮೈ ಹತ್ತಿರ ಕಡಿಮೆ. 6 ಒಳಗಿನಿಂದ ಬಂದದ್ದು, 3 ಹೊರಗಿನಿಂದ, ನಿಮ್ಮ 5 ಅವೆರಡರ ನಡುವಿನಿಂದ. ಈ ಸರಳ ಚಿತ್ರ ಎಲ್ಲ ಕಲ್ಲುಗಳಿಗೂ ಹೊಂದುವುದಿಲ್ಲ. ಕೆಲವು ಕಾಯಗಳು ಕಾಯುತ್ತಿರುವಾಗಲೇ ಒಡೆದು ಮತ್ತೆ ಒಟ್ಟುಗೂಡಿವೆ. ಆದರೆ ಪ್ರಾಜೆಕ್ಟಿಗೆ ಇಷ್ಟು ಸಾಕು.

ಕರಗಿದ ಕಾಯದಲ್ಲಿ ಅಲ್ಯೂಮಿನಿಯಂ-26 ಇತ್ತು ಅನ್ನುವುದಕ್ಕೆ ನೇರ ಸಾಕ್ಷಿ ಸಿಕ್ಕಿದ್ದು 1996ರಲ್ಲಿ ರಾಜಸ್ಥಾನದಲ್ಲಿ ಬಿದ್ದ ಪಿಪ್ಲಿಯಾ ಕಲಾನ್ ಉಲ್ಕೆಯಲ್ಲಿ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ (ಪಿಆರ್‌ಎಲ್) ಶ್ರೀನಿವಾಸನ್, ಗೋಸ್ವಾಮಿ, ಭಂಡಾರಿ 1999ರಲ್ಲಿ ಇದನ್ನು ಪ್ರಕಟಿಸಿದರು. ಇದೇ ಜೆ.ಎನ್. ಗೋಸ್ವಾಮಿ ಆಮೇಲೆ ಚಂದ್ರಯಾನ-1ರ ಪ್ರಧಾನ ವಿಜ್ಞಾನಿ ಆದರು.

ಸಂಗ್ರಹಪ್ರಿಯ

ನಾನು ಕೆಲವು ವರ್ಷಗಳಿಂದ ಉಲ್ಕೆಯ ತೆಳು ತುಣುಕುಗಳನ್ನು ಸಂಗ್ರಹಿಸುತ್ತಿದ್ದೇನೆ. ಸಂಗ್ರಹಕಾರರ ಲೆಕ್ಕದಲ್ಲಿ ಎಲ್5, ಎಚ್5 ತೀರಾ ಮಾಮೂಲಿ. 3ನೇ ನಮೂನೆಗೆ, ಮಂಗಳ–ಚಂದ್ರದ ಕಲ್ಲಿಗೆ ಇರುವ ಬೇಡಿಕೆ ಇವಕ್ಕಿಲ್ಲ.

ಶಿಲಾಸಕ್ತ

ಬೆಲೆಯ ಮಾತು ಬೇರೆ ಸರ್. ಕಥೆಯ ಮಾತಿಗೆ ಬಂದರೆ ಎಲ್ ಗುಂಪಿನಷ್ಟು ದೊಡ್ಡ ಕಥೆ ಬೇರೆ ಯಾವುದಕ್ಕೂ ಇಲ್ಲ ಅಂತ ನನಗೆ ಅನಿಸುತ್ತದೆ.

ಸುಮಾರು 47 ಕೋಟಿ ವರ್ಷದ ಹಿಂದೆ ಎಲ್ ಕಾಂಡ್ರೈಟ್‌ಗಳ ತಾಯಿ ಕ್ಷುದ್ರಗ್ರಹ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಒಡೆದುಹೋಯಿತು. ಬಹಳಷ್ಟು ಎಲ್ ಕಲ್ಲುಗಳಲ್ಲಿ ಆರ್ಗಾನ್ ಗಡಿಯಾರ (ಕಲ್ಲಿನಲ್ಲಿ ಕೂಡಿಕೊಂಡ ಆರ್ಗಾನ್ ಅನಿಲದಿಂದ ವಯಸ್ಸು ತಿಳಿಯುವ ಲೆಕ್ಕ) ಆ ಹೊತ್ತಿಗೇ ಮತ್ತೆ ಸೊನ್ನೆಯಿಂದ ಶುರುವಾಗಿದೆ. ಆ ಕಾಲದ ಚೂರುಗಳು ಭೂಮಿಗೂ ಸುರಿದವು. ಸ್ವೀಡನ್ನಿನಲ್ಲಿ ಸುಣ್ಣಕಲ್ಲಿನ ಗಣಿಯೊಂದಿದೆ. ಅಲ್ಲಿ ಸಮುದ್ರದ ತಳದ ಕೆಸರಿನಲ್ಲಿ ಹೂತು, ಕೆಸರಿನ ಜೊತೆಗೇ ಕಲ್ಲಾದ 100ಕ್ಕೂ ಹೆಚ್ಚು ಉಲ್ಕೆಗಳು ಸಿಕ್ಕಿವೆ. ಒಂದೆರಡನ್ನು ಬಿಟ್ಟರೆ ಎಲ್ಲವೂ ಎಲ್ ಗುಂಪಿನವು. 2024ರಲ್ಲಿ ಪ್ರಕಟವಾದ ಅಧ್ಯಯನಗಳು ಈ ಗುಂಪಿನ ಮೂಲವನ್ನು ಮಂಗಳ–ಗುರು ನಡುವಿನ ಮಸಾಲಿಯಾ ಅನ್ನುವ ಕ್ಷುದ್ರಗ್ರಹದ ಕುಟುಂಬಕ್ಕೆ ಸೇರಿಸಿವೆ. 1865ರಲ್ಲಿ ಮದ್ದೂರಿನಲ್ಲಿ ಬಿದ್ದದ್ದು ಅದೇ ಮನೆತನದ್ದು. ಅದನ್ನು ಮಾಮೂಲಿ ಅನ್ನುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ.

ಹೊಸೂರು_ರಸ್ತೆ

ಬೆಂಗಳೂರಿಗೆ ಹತ್ತಿರದ್ದು ಯಾರೂ ಹೇಳಲೇ ಇಲ್ಲ! ಹೊಸೂರು ದಾಟಿ ಕೃಷ್ಣಗಿರಿ ಕಡೆ ಹೋಗುವಾಗ ಸಿಗುವ ಶೂಲಗಿರಿ. 2008ರ ಸೆಪ್ಟೆಂಬರ್ 12, ಬೆಳಗಿನ ಹೊತ್ತು. ಆಗ ನಮ್ಮ ಫ್ಯಾಕ್ಟರಿಯಲ್ಲಿ ಆ ಕಡೆಯಿಂದ ಬರುವ ಹುಡುಗರಿದ್ದರು. ಭಾರಿ ಸದ್ದಾಯಿತು, ಹೊಲದಲ್ಲಿ ಕಲ್ಲು ಬಿತ್ತು ಅಂತ ವಾರವೆಲ್ಲ ಅದೇ ಮಾತು.

ಶಿಲಾಸಕ್ತ

ಸರಿಯಾದ ಹೊತ್ತಿಗೆ ನೆನಪಿಸಿದಿರಿ. ಶೂಲಗಿರಿಯದು ಎಲ್‌ಎಲ್6. ಒಟ್ಟು ನೂರು ಕೆಜಿಗೂ ಜಾಸ್ತಿ. ಭಾರತದಲ್ಲಿ ಬಿದ್ದ ದೊಡ್ಡ ಉಲ್ಕೆಗಳಲ್ಲಿ ಒಂದು. ಇನ್ನು ಈ ಎಲ್‌ಎಲ್ ಗುಂಪಿನ ಒಂದು ವಿಶೇಷ ಕೇಳಿ. ಜಪಾನಿನ ಹಯಬುಸಾ ನೌಕೆ ಇತೊಕಾವಾ ಕ್ಷುದ್ರಗ್ರಹದಿಂದ ದೂಳು ತೆಗೆದುಕೊಂಡು 2010ರಲ್ಲಿ ಭೂಮಿಗೆ ಬಂತು. ಪರೀಕ್ಷೆ ಮಾಡಿದರೆ ಎಲ್‌ಎಲ್ 4ರಿಂದ 6ರ ನಮೂನೆ! ನೆಲದಲ್ಲಿ ಸಿಗುವ ಸಾಮಾನ್ಯ ಕಾಂಡ್ರೈಟ್‌ಗೂ ದೂರದರ್ಶಕದಲ್ಲಿ ಕಾಣುವ ಎಸ್ ಮಾದರಿಯ, ಅಂದರೆ ಕಲ್ಲಿನಂಥ, ಕ್ಷುದ್ರಗ್ರಹಕ್ಕೂ ಸಂಬಂಧ ಇದೆಯೇ ಅನ್ನುವ ಹಳೆಯ ವಾದ ಅಲ್ಲಿಗೆ ಮುಗಿಯಿತು.

ಅದೇ ದಾರಿಯಲ್ಲಿ ಇನ್ನೂ ಮುಂದೆ, ಕೃಷ್ಣಗಿರಿಯಿಂದ ತಿರುಪತ್ತೂರು ಕಡೆಗೆ ಕಾಕಂಗರೈ ಇದೆ. 1890ರ ಜೂನ್ 4ರಂದು ಅಲ್ಲಿ ಬಿದ್ದ ಕಲ್ಲು ಯಾವ ಗುಂಪಿಗೂ ಸೇರಲಿಲ್ಲ. ಎಚ್, ಎಲ್, ಎಲ್‌ಎಲ್ ಅಲ್ಲ, ಎನ್‌ಸ್ಟಟೈಟ್ ಅಲ್ಲ, ಇಂಗಾಲದ್ದೂ ಅಲ್ಲ. ಈಗ ಅದರ ಹೆಸರಿನಲ್ಲೇ ಕೆ ಅನ್ನುವ ಪುಟ್ಟ ಗುಂಪು ಇದೆ. ಸದಸ್ಯರು ಬೆರಳೆಣಿಕೆಯಷ್ಟು. ಪೂರ್ತಿ ಗುಂಪು ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ ಐದು ಕಲ್ಲು ಬೇಕು ಅನ್ನುವುದು ಒಪ್ಪಿಕೊಂಡ ರೂಢಿ.

ಸಂಜೆ_ಮಲ್ಲೇಶ್ವರ

ಸಿಎಂ2 ಬಗ್ಗೆ ಹೇಳಲೇ ಇಲ್ಲ.

ರಸಾಯನ_ಮೇಷ್ಟ್ರು

ಅದನ್ನು ನಾನು ಹೇಳುತ್ತೇನೆ. ಸಿ ಅಂದರೆ ಇಂಗಾಲದ ಕಾಂಡ್ರೈಟ್. ಎರಡನೇ ಅಕ್ಷರ ಆ ಗುಂಪಿನ ಮಾದರಿ ಉಲ್ಕೆ ಬಿದ್ದ ಊರಿನದು. ಎಂ ಅಂದರೆ ಉಕ್ರೇನಿನ ಮಿಘೇಯಿ. ಐ ಅಂದರೆ ಟಾಂಜಾನಿಯಾದ ಇವುನಾ. ವಿ ಅಂದರೆ ಇಟಲಿಯ ವಿಗರಾನೊ. ನಮ್ಮಲ್ಲಿ 2017ರ ಜೂನ್ 6ರಂದು ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದದ್ದು ಸಿಎಂ2. ಕಪ್ಪು ಬಣ್ಣ, ಮೆತ್ತಗೆ, ಬೇಗ ಪುಡಿಯಾಗುತ್ತದೆ. ಇದೇ ಗುಂಪಿನ ಮರ್ಚಿಸನ್ ಉಲ್ಕೆ 1969ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಬಿತ್ತು. ಅದರಲ್ಲಿ ಅಮೈನೊ ಆಮ್ಲಗಳು ಸಿಕ್ಕಿದವು, ಅವುಗಳಲ್ಲಿ ಕೆಲವು ಭೂಮಿಯ ಜೀವಿಗಳ ಪ್ರೋಟೀನಿನಲ್ಲಿ ಇಲ್ಲದವು. ಸಿಐ ಕಲ್ಲಿನಲ್ಲಿ ಖನಿಜಕ್ಕೆ ಅಂಟಿದ ನೀರೇ ತೂಕದ ಶೇ 10ಕ್ಕಿಂತ ಜಾಸ್ತಿ. ಇಂಥವು ಮಳೆಯಲ್ಲಿ ಬಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲ. ಬಿದ್ದ ದಿನವೇ ಎತ್ತಿಕೊಳ್ಳುವವರ ಮೇಲೆ ವಿಜ್ಞಾನ ಎಷ್ಟು ನಿಂತಿದೆ ನೋಡಿ.

ಭಾನುವಾರದ_ತಾರಾಲಯ

ಗುಂಡು ಇಲ್ಲದ 8 ಶೇಕಡದ ಕಲ್ಲುಗಳ ಕಥೆ? ಯೂಕ್ರೈಟ್ ಅದರಲ್ಲಿ ಬರುತ್ತದಾ?

ಶಿಲಾಸಕ್ತ

ಬರುತ್ತದೆ. ಕರಗಿದ ಕಾಯದಲ್ಲಿ ಭಾರವಾದ ಲೋಹ ಕೆಳಗೆ ಇಳಿದು ತಿರುಳಾಗುತ್ತದೆ, ಹಗುರ ಭಾಗ ಮೇಲೆ ಬಂದು ಹೊರಪದರ ಆಗುತ್ತದೆ. ಯೂಕ್ರೈಟ್ ಅಂಥ ಹೊರಪದರದ ಬಸಾಲ್ಟ್, ಅಂದರೆ ಲಾವಾ ತಣಿದು ಆದ ಕಲ್ಲು. ಡಯೊಜೆನೈಟ್ ಅದಕ್ಕಿಂತ ಆಳದ್ದು. ಇವೆರಡೂ ಪುಡಿಯಾಗಿ ಬೆರೆತದ್ದು ಹೋವರ್ಡೈಟ್. ಕಾಶಿಯ ಕಲ್ಲನ್ನು ಪರೀಕ್ಷಿಸಿದ ಅದೇ ಹೋವರ್ಡ್ ಹೆಸರು. 1994ರಲ್ಲಿ ರಾಜಸ್ಥಾನದ ಲೋಹಾವಟದಲ್ಲಿ ಬಿದ್ದದ್ದು ಹೋವರ್ಡೈಟ್, ಮೇಲೆ ಹೇಳಿದ ಪಿಪ್ಲಿಯಾ ಕಲಾನ್ ಯೂಕ್ರೈಟ್. ಈ ಮೂರೂ ವೆಸ್ಟಾ ಕ್ಷುದ್ರಗ್ರಹದವು ಅನ್ನುವ ಮಾತನ್ನು 2011–12ರಲ್ಲಿ ಅದರ ಸುತ್ತ ತಿರುಗಿದ ಡಾನ್ ನೌಕೆ ಗಟ್ಟಿ ಮಾಡಿತು.

ಆಬ್ರೈಟ್ ಇನ್ನೊಂದು. ಬಿಳಿಚು ಬಣ್ಣದ್ದು. ಮೇಷ್ಟ್ರು ಹೇಳಿದ ಬಸ್ತಿಯ ಕಲ್ಲು ಆಬ್ರೈಟೇ. 170 ವರ್ಷ ಆದಮೇಲೆ, 2022ರ ಆಗಸ್ಟ್ 17ರಂದು ಗುಜರಾತಿನ ದಿಯೋದರ್‌ನಲ್ಲಿ ಮತ್ತೊಂದು ಬಿತ್ತು. ಒಂದು ತುಂಡು ಬೇವಿನ ಮರಕ್ಕೆ ಬಡಿದು ಪುಡಿಯಾಯಿತು.

ಇನ್ನು ಮಂಗಳ. 1865ರ ಆಗಸ್ಟ್ 25ರಂದು ಬಿಹಾರದ ಶೆರ್ಘಾಟಿಯಲ್ಲಿ ಸುಮಾರು 5 ಕೆಜಿಯ ಕಲ್ಲು ಬಿತ್ತು. ಅದು ಯಾವ ಲೆಕ್ಕಕ್ಕೂ ಸಿಗದಷ್ಟು ಚಿಕ್ಕ ವಯಸ್ಸಿನದು, 20 ಕೋಟಿ ವರ್ಷಕ್ಕೂ ಕಡಿಮೆ. ಸಣ್ಣ ಕ್ಷುದ್ರಗ್ರಹದಲ್ಲಿ ಅಷ್ಟು ಈಚೆಗೆ ಜ್ವಾಲಾಮುಖಿ ಇರುವುದು ಸಾಧ್ಯವಿಲ್ಲ. 1983ರಲ್ಲಿ ಇದೇ ಜಾತಿಯ ಅಂಟಾರ್ಕ್ಟಿಕಾದ ಉಲ್ಕೆಯೊಂದರ ಗಾಜಿನಲ್ಲಿ ಸಿಕ್ಕಿಬಿದ್ದ ಅನಿಲ, ವೈಕಿಂಗ್ ನೌಕೆ ಮಂಗಳದಲ್ಲಿ ಅಳೆದ ಗಾಳಿಗೆ ಹೊಂದಿತು. ಮಂಗಳದ ಉಲ್ಕೆಗಳಲ್ಲಿ ಅತಿ ದೊಡ್ಡ ಗುಂಪನ್ನು ಇವತ್ತು ಜಗತ್ತೆಲ್ಲ ಶೆರ್ಗೊಟೈಟ್ ಅಂತ ಕರೆಯುತ್ತದೆ.

ಮೇಡಂ, ತಾರೀಖು ಗಮನಿಸಿ. ಶೆರ್ಘಾಟಿ ಆದ ನಾಲ್ಕು ವಾರದೊಳಗೆ ಮದ್ದೂರು. ಒಂದು ಮಂಗಳದ್ದು, ಇನ್ನೊಂದು ಒಡೆದುಹೋದ ಕ್ಷುದ್ರಗ್ರಹದ್ದು.

ಕೆಂಗೇರಿ_ಆಚೆ

ನಮ್ಮ ಸೈಟಿನಲ್ಲಿ ಪಾಯ ತೆಗೆಯುವಾಗ ಒಂದು ಕರಿಕಲ್ಲು ಸಿಕ್ಕಿದೆ. ಭಾರ ಇದೆ. ಹೊರಗೆ ಕಂದು–ಕಪ್ಪು ಸಿಪ್ಪೆ. ಆಯಸ್ಕಾಂತ ಸ್ವಲ್ಪ ಎಳೆಯುತ್ತದೆ. ಉಲ್ಕೆ ಆಗಿರಬಹುದಾ? ಹೇಗೆ ನೋಡುವುದು?

ಶಿಲಾಸಕ್ತ

ಮೊದಲು ಆಯಸ್ಕಾಂತ ದೂರ ಇಡಿ. ಇದನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ಸೆಮರ್ಕೋನಾದಲ್ಲಿ ಅಳೆದರಲ್ಲ, ಆ ಹಳೆಯ ಕಾಂತದ ಗುರುತು ಬಲವಾದ ಆಯಸ್ಕಾಂತ ತಾಗಿದರೆ ಅಳಿಸಿಹೋಗುತ್ತದೆ. ಮತ್ತೆ ಬರುವುದಿಲ್ಲ. ಬೇಕಿದ್ದರೆ ದಿಕ್ಸೂಚಿಯ ಮುಳ್ಳು ಅಲುಗುತ್ತದೆಯೇ ಅಂತ ನೋಡಿ, ಸಾಕು.

ಸಿಪ್ಪೆ ನೋಡಿ. ಉಲ್ಕೆಯ ಕರಗಿದ ಸಿಪ್ಪೆ ಒಂದು ಮಿಲಿಮೀಟರಿಗೂ ತೆಳು, ಒಳಗಿನ ಕಲ್ಲಿಗಿಂತ ಸ್ಪಷ್ಟವಾಗಿ ಬೇರೆ. ಭೂಮಿಯ ಕಲ್ಲಿನ ಸಿಪ್ಪೆ ಒಳಗಿನ ತನಕ ನಿಧಾನವಾಗಿ ಬೆರೆಯುತ್ತದೆ. ಒಳಗೆ ಗಾಳಿಗುಳ್ಳೆ ಇದ್ದರೆ ಅದು ಬಹುತೇಕ ಕಬ್ಬಿಣದ ಕಿಟ್ಟ. ಗ್ಲೇಜ್ ಇಲ್ಲದ ಟೈಲಿನ ಹಿಂಬದಿಗೆ ಉಜ್ಜಿ. ಕೆಂಪು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದರೆ ಮ್ಯಾಗ್ನಟೈಟ್. ಹೊಸ ಉಲ್ಕೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ. ಒಂದು ಮೂಲೆಯನ್ನು ಉಜ್ಜುಕಾಗದದಲ್ಲಿ ತಿಕ್ಕಿ ಲೋಹದ ಚುಕ್ಕೆ ಇದೆಯೇ ನೋಡಿ. ನೀರಿನಲ್ಲಿ ತೂಗಿ ಸಾಂದ್ರತೆ ತೆಗೆಯಿರಿ. ಗ್ರಾನೈಟ್ 2.7 ಸುಮಾರು, ಸಾಮಾನ್ಯ ಕಾಂಡ್ರೈಟ್ 3.3ರ ಮೇಲೆ.

ಹೊಸೂರು_ರಸ್ತೆ

ಕಣ್ಣೆದುರೇ ಬಿದ್ದದ್ದಾದರೆ ಏನು ಮಾಡಬೇಕು?

ಶಿಲಾಸಕ್ತ

ತೊಳೆಯಬೇಡಿ, ಒಡೆಯಬೇಡಿ, ಪೂಜೆಗೆ ಅಂತ ಅರಿಶಿನ ಕುಂಕುಮ ಹಚ್ಚಬೇಡಿ. ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ಸಮಯ, ಬಂದ ದಿಕ್ಕು, ಸದ್ದು ಬರೆದಿಡಿ. ಒಣ, ಶುಚಿಯಾದ ಫಾಯಿಲ್‌ನಲ್ಲಿ ಸುತ್ತಿ. ಜಿಎಸ್‌ಐಗೆ ತಿಳಿಸಿ. ಬೆಂಗಳೂರಿನಲ್ಲಿ ಅವರ ಕಚೇರಿ ಕುಮಾರಸ್ವಾಮಿ ಲೇಔಟಿನಲ್ಲಿದೆ. ಭಾರತದ ಉಲ್ಕೆಗಳ ರಾಷ್ಟ್ರೀಯ ಸಂಗ್ರಹ ನೋಡಿಕೊಳ್ಳುವುದು ಅವರೇ, ಅದು ಕೋಲ್ಕತ್ತಾದಲ್ಲಿದೆ. ಮುಟ್ಟಿದರೆ ವಿಕಿರಣದ ಅಪಾಯ ಅಂತ ಹೆದರಿಸುವವರ ಮಾತು ಕೇಳಬೇಡಿ.

ಕೆಂಗೇರಿ_ಆಚೆ

ಮಾಡಿ ನೋಡಿದೆ. ಟೈಲಿನ ಮೇಲೆ ಗೆರೆ ಇಲ್ಲ. ಸಾಂದ್ರತೆ 3.0. ಲೋಹದ ಚುಕ್ಕೆ ಇಲ್ಲ. ತಿಕ್ಕಿದ ಜಾಗದಲ್ಲಿ ಬೂದು ಬಣ್ಣದ ಸಣ್ಣ ಕಡ್ಡಿಗಳು ಅಡ್ಡಾದಿಡ್ಡಿ ಕಾಣುತ್ತವೆ. ಕಂದು ಸಿಪ್ಪೆ ಒಳಗೆ ಹೋದ ಹಾಗೆ ಬೂದಾಗುತ್ತದೆ. ಲೋಹ ತಿರುಳಿಗೆ ಇಳಿದ ಮೇಲೆ ಯೂಕ್ರೈಟ್‌ನಲ್ಲೂ ಲೋಹ ಇರುವುದಿಲ್ಲ ಅಲ್ಲವೇ?

ಶಿಲಾಸಕ್ತ

ಸರಿಯಾದ ಕಡೆ ಹಿಡಿದಿರಿ. ಒಳಗಿನ ಮುಖ ಮಾತ್ರ ನೋಡಿ ಯೂಕ್ರೈಟನ್ನೂ ನಮ್ಮ ಕಡೆಯ ಕರಿಕಲ್ಲು ಡೊಲರೈಟನ್ನೂ ಬೇರೆ ಮಾಡುವುದು ನಿಜಕ್ಕೂ ಕಷ್ಟ. ಎರಡರಲ್ಲೂ ಆ ಕಡ್ಡಿಗಳು ಫೆಲ್ಡ್‌ಸ್ಪಾರ್, ನಡುವೆ ಪೈರಾಕ್ಸಿನ್. ಲ್ಯಾಬಿನಲ್ಲಿ ಕಬ್ಬಿಣ–ಮ್ಯಾಂಗನೀಸ್ ಅನುಪಾತ, ಆಮ್ಲಜನಕದ ಐಸೊಟೋಪು ನೋಡಿ ಹೇಳುತ್ತಾರೆ. ಆದರೆ ನಿಮ್ಮದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಯೂಕ್ರೈಟ್‌ನ ಸಿಪ್ಪೆ ಮಿರಮಿರ ಹೊಳೆಯುವ ಕಪ್ಪು, ಅದು ಒಳಗೆ ಬೆರೆಯುವುದಿಲ್ಲ. ನಿಮ್ಮದು ಬೆರೆತಿದೆ. ಆಯಸ್ಕಾಂತ ಎಳೆದದ್ದು ಅದರೊಳಗಿನ ಮ್ಯಾಗ್ನಟೈಟ್.

ನಿಮ್ಮದು ಡೊಲರೈಟ್. ಬೆಂಗಳೂರು, ಬಿಡದಿ, ಹಾರೋಹಳ್ಳಿ ಸುತ್ತಮುತ್ತ ನೈಸ್ ಅನ್ನುವ ಹಳೆಯ ಬಂಡೆಯನ್ನು ಸೀಳಿಕೊಂಡು ಮೇಲೆ ಬಂದ ಕರಿಕಲ್ಲಿನ ಗೋಡೆಗಳು ಬಹಳ ಇವೆ. ಅವುಗಳಲ್ಲಿ ಒಂದು ದೊಡ್ಡ ಗುಂಪಿಗೆ ಸುಮಾರು 237 ಕೋಟಿ ವರ್ಷ. ನಿಮ್ಮ ಪಾಯದ ಗುಂಡಿಯಲ್ಲಿ ಅಂಥದ್ದರ ಅಂಚು ಕಾಣುತ್ತಿರಬಹುದು. ಕಾಂಕ್ರೀಟ್ ಹಾಕುವ ಮೊದಲು ಒಂದು ಫೋಟೊ ತೆಗೆದು ಇಲ್ಲಿ ಹಾಕಿ, ಗೋಡೆ ಯಾವ ದಿಕ್ಕಿಗೆ ಓಡುತ್ತಿದೆ ಅಂತ ನೋಡೋಣ.